ಕಕ್ಕಡದ ಮಳೆಯಲ್ಲಿ ಬ್ಯಾಕ್‌ಹ್ಯಾಂಡ್ ರಬ್ಬರ್ ಬದಲಿಸಿದ್ದು

ನನ್ನ ಟೇಬಲ್ ಟೆನಿಸ್ ಬ್ಯಾಟಿನ ಕೆಂಪು ಬದಿಯ ರಬ್ಬರನ್ನು ಈ ಮಳೆಗಾಲದಲ್ಲಿ, ನಮ್ಮ ಕೊಡವ ಲೆಕ್ಕದ ಕಕ್ಕಡ ತಿಂಗಳ ಹೊತ್ತಿಗೆ, ಕಿತ್ತು ಬೇರೆ ಅಂಟಿಸಿದೆ. ಒಂದು ಸಂಜೆಯಲ್ಲಿ ಮುಗಿಯಬೇಕಾದ ಕೆಲಸ. ಆದರೆ ಯಾವ ರಬ್ಬರ್ ಎಂದು ತೀರ್ಮಾನಿಸಲು ಮೂರು ವಾರ ಬೇಕಾಯಿತು, ಅಂಟಿಸುವ ಕೆಲಸ ಎರಡು ಸಲ ಆಯಿತು, ನಡುವೆ ಕಿತ್ತುಬಂದ ಮರದ ಸಿಬಿರು ಕೂರಿಸಲು ಎರಡು ದಿನ ಹೋಯಿತು. ಬ್ಯಾಕ್‌ಹ್ಯಾಂಡ್ ಕೈಕೊಡುತ್ತಿದೆ ಎಂದು ರಬ್ಬರ್ ಬದಲಿಸಲು ಹೊರಟವರಿಗೆ, ಅದರಲ್ಲೂ ನಮ್ಮಂಥ ಮಳೆ ಸೀಮೆಯಲ್ಲಿ ಆಡುವವರಿಗೆ ಉಪಯೋಗಕ್ಕೆ ಬಂದೀತೆಂದು ನೋಟ್‌ಬುಕ್ಕಿನಲ್ಲಿ ಗೀಚಿಟ್ಟಿದ್ದನ್ನೆಲ್ಲ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನನ್ನದು ಅಮ್ಮತ್ತಿ ಹತ್ತಿರ ಸಣ್ಣ ಕಾಫಿ ತೋಟ. ವಾರಕ್ಕೆ ನಾಲ್ಕು ಸಂಜೆ ವಿರಾಜಪೇಟೆಯ ಒಂದು ಹಾಲ್‌ನಲ್ಲಿ ಆಟ. ಕೊಡಗಿನ ಮಕ್ಕಳ ಕೈಗೆ ಮೊದಲು ಸಿಗುವುದು ಹಾಕಿ ಸ್ಟಿಕ್, ನನಗೂ ಹಾಗೇ. ಜೂನ್‌ನಲ್ಲಿ ಮೈದಾನ ಕೆಸರುಗದ್ದೆಯಾದ ಮೇಲೆ ಸೆಪ್ಟೆಂಬರ್‌ವರೆಗೆ ಕೈಕಾಲಿಗೆ ಕೆಲಸ ಕೊಡುವುದು ಈ 2.74 ಮೀಟರ್ ಉದ್ದದ ಟೇಬಲ್ ಒಂದೇ. ಆ ನಾಲ್ಕು ತಿಂಗಳು ಹಾಲ್‌ನಲ್ಲಿ ಎಲ್ಲರೂ ಎಲ್ಲರ ಜೊತೆ ಆಡುತ್ತೇವೆ, ಹಾಗಾಗಿ ಯಾರ ದೌರ್ಬಲ್ಯ ಎಲ್ಲಿ ಎಂಬುದು ಜುಲೈ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿರುತ್ತದೆ. ನನ್ನದು ಬ್ಯಾಕ್‌ಹ್ಯಾಂಡ್. ಸರ್ವಿಸ್ ಬರುವುದೇ ಅಲ್ಲಿಗೆ, ಮೂರನೇ ಚೆಂಡೂ ಅಲ್ಲಿಗೇ.

ಜುಲೈ ಮೊದಲ ವಾರ, ಎಣಿಕೆ

ರಬ್ಬರ್ ನೋಡುವ ಮೊದಲು ಸೋಲು ಎಲ್ಲಿ ಆಗುತ್ತಿದೆ ಎಂದು ಎಣಿಸಲು ಹೇಳಿದವರು ನನ್ನ ಜೊತೆ ಹೆಚ್ಚು ಆಡುವ ನಿವೃತ್ತ ಸುಬೇದಾರರು. "ಬ್ಯಾಕ್‌ಹ್ಯಾಂಡ್ ಸರಿಯಿಲ್ಲ ಅಂದರೆ ಏನು ಅರ್ಥವಪ್ಪ? ನೆಟ್‌ಗೆ ಹೋಗ್ತಿದೆಯೋ, ಆಚೆ ಹೋಗ್ತಿದೆಯೋ, ಅದನ್ನ ಹೇಳು" ಎಂದರು. ಬಕೆಟ್ ತುಂಬ ಚೆಂಡು ಇಟ್ಟುಕೊಂಡು ಎರಡು ಪರೀಕ್ಷೆ ಮಾಡಿದೆವು.

ಮೊದಲನೆಯದು ಬ್ಲಾಕ್. ಅವರು ಫೋರ್‌ಹ್ಯಾಂಡ್ ಟಾಪ್‌ಸ್ಪಿನ್ (ಮುಂದಕ್ಕೆ ಉರುಳುವ ಸುತ್ತು ಕೊಟ್ಟ ಹೊಡೆತ) ಹೊಡೆಯುವುದು, ನಾನು ಬ್ಯಾಕ್‌ಹ್ಯಾಂಡ್‌ನಲ್ಲಿ ತಡೆಯುವುದು. 50 ಚೆಂಡಿನಲ್ಲಿ 21 ಟೇಬಲ್ ಮೇಲೆ, 24 ಉದ್ದಕ್ಕೆ ಆಚೆ, 5 ನೆಟ್‌ಗೆ. ಎರಡನೆಯದು, ಕೆಳಸುತ್ತಿನ, ಅಂದರೆ ಹಿಂದಕ್ಕೆ ಸುತ್ತುತ್ತ ಬರುವ ಪುಶ್ ಚೆಂಡನ್ನು ಬ್ಯಾಕ್‌ಹ್ಯಾಂಡ್ ಟಾಪ್‌ಸ್ಪಿನ್‌ನಿಂದ ಎತ್ತುವುದು. 50ರಲ್ಲಿ 18 ಟೇಬಲ್ ಮೇಲೆ, 26 ನೆಟ್‌ಗೆ, 6 ಆಚೆ.

ಎರಡೂ ಲೆಕ್ಕ ಒಟ್ಟಿಗೆ ನೋಡಿದಾಗ ವಿಷಯ ಬಿಡಿಸಿಕೊಂಡಿತು. ನಾನು ಸುಮ್ಮನೆ ಬ್ಯಾಟ್ ಹಿಡಿದರೆ ಚೆಂಡು ಹಾರಿಹೋಗುತ್ತದೆ, ನಾನೇ ಹೊಡೆಯಲು ಹೋದರೆ ನೆಟ್ ದಾಟುವುದಿಲ್ಲ. ಬರೀ ವೇಗ ಕಡಿಮೆ ಮಾಡಿದರೆ ಮೊದಲನೆಯದು ಸುಧಾರಿಸಿ ಎರಡನೆಯದು ಇನ್ನೂ ಕೆಡುತ್ತದೆ. ವೇಗ ಹೆಚ್ಚಿಸಿದರೆ ತಿರುಗಾಮುರುಗಾ. ಎರಡಕ್ಕೂ ಒಂದೇ ಔಷಧ ಬೇಕಾದರೆ ವೇಗ ಬಿಟ್ಟು ಬೇರೆ ಗುಣ ನೋಡಬೇಕಿತ್ತು.

ಬ್ಯಾಟಿನ ರಬ್ಬರ್ ಎಂದರೆ ಮೇಲೊಂದು ತೆಳು ಹಾಳೆ, ಅದರಡಿ ಸ್ಪಾಂಜ್. ಆಗ ಬ್ಯಾಟಿನಲ್ಲಿದ್ದದ್ದು 2.1 ಮಿ.ಮೀ. ಗಟ್ಟಿ ಸ್ಪಾಂಜ್‌ನ ದುಬಾರಿ ರಬ್ಬರ್. ಮೈಸೂರಿನಲ್ಲಿ ಒಬ್ಬ ಒಳ್ಳೆಯ ಆಟಗಾರ ಅದನ್ನೇ ಫೋರ್‌ಹ್ಯಾಂಡ್‌ಗೆ ಹಾಕಿ ಆಡುವುದನ್ನು ನೋಡಿ ತಂದಿದ್ದೆ. ಅವರ ಫೋರ್‌ಹ್ಯಾಂಡ್‌ನ ರಬ್ಬರ್ ನನ್ನ ಬ್ಯಾಕ್‌ಹ್ಯಾಂಡ್‌ಗೆ ಏಕೆ ಹೊಂದಬೇಕು ಎಂಬ ಪ್ರಶ್ನೆ ಆಗ ತಲೆಗೆ ಬರಲೇ ಇಲ್ಲ.

ಗಟ್ಟಿ ಸ್ಪಾಂಜ್ ಕೆಲಸ ಮಾಡುವ ಬಗೆ ಹೀಗೆ. ಚೆಂಡು ಬ್ಯಾಟಿನ ಮೇಲೆ ಇರುವುದು ಹೆಚ್ಚುಕಡಿಮೆ ಸೆಕೆಂಡಿನ ಸಾವಿರದ ಒಂದು ಭಾಗ. ಅಷ್ಟರೊಳಗೆ 2.7 ಗ್ರಾಂ ತೂಕದ ಚೆಂಡು ಮೇಲಿನ ಹಾಳೆಯನ್ನು ಒತ್ತಿ, ಸ್ಪಾಂಜ್‌ನೊಳಗೆ ಇಳಿದು, ಸುತ್ತು ಹಿಡಿದುಕೊಂಡು ಹೊರಬರಬೇಕು. ಕೈ ಜೋರಾಗಿ ಬೀಸಿದರೆ ಗಟ್ಟಿ ಸ್ಪಾಂಜ್‌ನಲ್ಲೂ ಚೆಂಡು ಆಳಕ್ಕೆ ಇಳಿಯುತ್ತದೆ. ನಿಧಾನವಾಗಿ ಬೀಸಿದರೆ ಮೇಲ್ಮೈಯಲ್ಲೇ ತಗುಲಿ ಜಾರುತ್ತದೆ, ಸುತ್ತು ಹತ್ತುವುದಿಲ್ಲ. ಫೋರ್‌ಹ್ಯಾಂಡ್‌ನಲ್ಲಿ ಸೊಂಟ ತಿರುಗಿಸಿ ದೂರದಿಂದ ಕೈ ತರಬಹುದು. ಬ್ಯಾಕ್‌ಹ್ಯಾಂಡ್‌ನಲ್ಲಿ ನಮ್ಮ ದೇಹವೇ ಅಡ್ಡ, ಕೈಗೆ ಸಿಗುವ ಜಾಗ ಒಂದು ಗೇಣು. ಮೊಣಕೈ ಮುಂದಿಟ್ಟು ಮಣಿಕಟ್ಟಿನಿಂದ ಎಷ್ಟು ವೇಗ ಹುಟ್ಟುತ್ತದೋ ಅಷ್ಟೇ. ನನ್ನ ಮಣಿಕಟ್ಟಿನ ವೇಗ ಆ ಸ್ಪಾಂಜ್‌ಗೆ ಸಾಲುತ್ತಿರಲಿಲ್ಲ, ಅದಕ್ಕೇ 26 ಚೆಂಡು ನೆಟ್‌ಗೆ. ಎದುರಿನವರು ಜೋರಾಗಿ ಹೊಡೆದಾಗ ಮಾತ್ರ ಆ ವೇಗದಿಂದಲೇ ಸ್ಪಾಂಜ್ ಪೂರ್ತಿ ಕೆಲಸ ಮಾಡಿ ಚೆಂಡನ್ನು ಚಿಮ್ಮಿಸುತ್ತಿತ್ತು, ಅದಕ್ಕೇ 24 ಆಚೆ.

ರಬ್ಬರ್ ಮುಟ್ಟುವ ಮೊದಲು ಹಿಡಿತ

ಸುಬೇದಾರರು ಇನ್ನೊಂದು ತೋರಿಸಿಕೊಟ್ಟರು. ಹಾಕಿಯಲ್ಲಿ ಸ್ಟಿಕ್ಕನ್ನು ತಿರುಗಿಸುವುದು ಮೇಲಿನ ಎಡಗೈ. ಬಲಗೈ ಕೆಳಗೆ ಸಡಿಲವಾಗಿದ್ದು ಸ್ಟಿಕ್ ಅದರೊಳಗೆ ತಿರುಗಲು ಬಿಡುತ್ತದೆ. ಇಪ್ಪತ್ತು ವರ್ಷ ಹಾಗೆ ಆಡಿದ ನನ್ನ ಬಲ ಮಣಿಕಟ್ಟು ತಿರುಗುವ ಕೆಲಸವನ್ನು ಕಲಿತೇ ಇಲ್ಲ. ಬ್ಯಾಕ್‌ಹ್ಯಾಂಡ್‌ಗೆ ಚೆಂಡು ಬಂದರೆ ಬ್ಯಾಟನ್ನು ಇಡಿಯಾಗಿ ಮುಂದಕ್ಕೆ ತಳ್ಳುತ್ತಿದ್ದೆ. ಹಾಕಿ ಕಲಿಸಿದ ಬಗ್ಗುವಿಕೆ, ಕಾಲಿನ ಚಲನೆ ಎಲ್ಲ ಇಲ್ಲಿ ಉಪಯೋಗಕ್ಕೆ ಬಂದಿವೆ. ಮಣಿಕಟ್ಟನ್ನು ಮಾತ್ರ ಹೊಸದಾಗಿ ಕಲಿಯಬೇಕಾಯಿತು.

ಹಿಡಿಯನ್ನು ಗಟ್ಟಿಯಾಗಿ ಮುಷ್ಟಿ ಕಟ್ಟುವುದು ಬಿಟ್ಟು, ಹೆಬ್ಬೆರಳನ್ನು ರಬ್ಬರಿನ ಅಂಚಿಗೆ ತುಸು ಮೇಲೆ ಒರಗಿಸಿ, ಮೊಣಕೈಯನ್ನು ಪಕ್ಕೆಯಿಂದ ಬಿಡಿಸಿ ಮುಂದಿಟ್ಟು ಹತ್ತು ದಿನ ಅದೇ ಹಳೆಯ ರಬ್ಬರ್‌ನಲ್ಲಿ ಅಭ್ಯಾಸ ಮಾಡಿದೆ. ಮತ್ತೆ ಎಣಿಸಿದಾಗ ಬ್ಲಾಕ್ 50ಕ್ಕೆ 25, ಎತ್ತುವುದು 23. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಹಿಡಿತ ಮತ್ತು ರಬ್ಬರ್ ಎರಡನ್ನೂ ಒಂದೇ ದಿನ ಬದಲಿಸಿದ್ದರೆ ಈ ಗಳಿಕೆಯನ್ನೂ ಹೊಸ ರಬ್ಬರಿನ ಲೆಕ್ಕಕ್ಕೆ ಬರೆದುಬಿಡುತ್ತಿದ್ದೆ. ದುಡ್ಡು ಖರ್ಚಿಲ್ಲದ ಭಾಗವನ್ನು ಮೊದಲು ಮುಗಿಸಿ.

ಬ್ಯಾಟ್ ತೂಗಿದ್ದೂ ಆಗಲೇ. ಮನೆಯಲ್ಲಿ ಕರಿಮೆಣಸು ತೂಗುವ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ 190 ಗ್ರಾಂ ಬಂತು. ತೂಕದ ಬಹುಪಾಲು ಮೇಲ್ತುದಿಯಲ್ಲಿ. ಬ್ಯಾಕ್‌ಹ್ಯಾಂಡ್‌ನಿಂದ ಫೋರ್‌ಹ್ಯಾಂಡ್‌ಗೆ ಬರುವಾಗ ಕೈ ತಡವಾಗುತ್ತಿದ್ದುದಕ್ಕೆ ಅದೂ ಕಾರಣ.

ಎರವಲು ಬ್ಯಾಟುಗಳು

ಅಂಗಡಿಯಲ್ಲಿ ಪ್ಯಾಕೆಟ್ ನೋಡಿ ರಬ್ಬರ್ ಆರಿಸಲಾಗದು. ಮೇಲೆ ಬರೆದಿರುವ ವೇಗ, ಸ್ಪಿನ್, ಕಂಟ್ರೋಲ್ ಅಂಕಿಗಳನ್ನು ಆಯಾ ಕಂಪನಿಯೇ ಕೊಟ್ಟಿರುತ್ತದೆ, ಒಂದು ಕಂಪನಿಯ 9 ಇನ್ನೊಂದರ 9ಕ್ಕೆ ಸಮವಲ್ಲ. ಸ್ಪಾಂಜ್‌ನ ಗಡಸುತನದ ಡಿಗ್ರಿಯಲ್ಲೂ ಇದೇ ಎಚ್ಚರ ಬೇಕು. ಜರ್ಮನಿಯಲ್ಲಿ ತಯಾರಾಗುವ ರಬ್ಬರ್‌ಗಳ ಅಳತೆ ಬೇರೆ, ಚೀನಾದ್ದು ಬೇರೆ. ಚೀನಾದ 39 ಡಿಗ್ರಿ ಎಂಬುದನ್ನು ನೋಡಿ ಮೆದು ಎಂದು ತಂದವರು ಹಲಗೆಯಂಥ ಸ್ಪಾಂಜ್ ಹಿಡಿದು ಕೂತಿದ್ದನ್ನು ಕಂಡಿದ್ದೇನೆ. ಹಾಗಾಗಿ ಹಾಲ್‌ನಲ್ಲಿ ಯಾರ ಬಳಿ ಏನಿದೆಯೋ ಎಲ್ಲ ಎರವಲು ಕೇಳಿದೆ. ಮರ ಬೇರೆ, ತೂಕ ಬೇರೆ, ಇದು ಸರಿಯಾದ ತುಲನೆಯಲ್ಲ ಎಂಬುದು ಗೊತ್ತಿತ್ತು. ಆದರೂ ತಪ್ಪುಗಳು ಯಾವ ಕಡೆ ಬೀಳುತ್ತವೆ ಎಂಬುದು ತಿಳಿಯುತ್ತದೆ.

ಮೊದಲು ಯಾಸಕಾ ಮಾರ್ಕ್ ಫೈವ್, 1.8 ಮಿ.ಮೀ. ಇದು 1969ರಿಂದ ಮಾರುಕಟ್ಟೆಯಲ್ಲಿರುವ ರಬ್ಬರ್, ನಮ್ಮಲ್ಲಿ ಎಷ್ಟೋ ಮಂದಿ ಕಲಿತದ್ದೇ ಇದರಲ್ಲಿ. ಬ್ಲಾಕ್ 35, ಎತ್ತುವುದು 24. ಚಿಮ್ಮುವಿಕೆ ಕಡಿಮೆ, ಚೆಂಡು ಹೇಳಿದಲ್ಲಿಗೆ ಹೋಗುತ್ತದೆ. ಆದರೆ ಕೆಳಸುತ್ತಿನ ಚೆಂಡು ಎತ್ತಲು ಇಡೀ ಕೆಲಸ ನಾನೇ ಮಾಡಬೇಕು.

ಶಾರ್ಟ್ ಪಿಂಪಲ್ಸ್, ಅಂದರೆ ಮೇಲ್ಮೈಯಲ್ಲಿ ಗಿಡ್ಡ ಮೊಳಕೆಗಳಿರುವ ರಬ್ಬರ್, ಆಶ್ಚರ್ಯ ತಂದಿತು. ಬ್ಲಾಕ್‌ನಲ್ಲಿ 39. ಎದುರಿನ ಸುತ್ತು ಅದಕ್ಕೆ ಅಷ್ಟಾಗಿ ತಾಗುವುದೇ ಇಲ್ಲ, ಗೋಡೆಯಂತೆ ನಿಲ್ಲುತ್ತದೆ. ಎತ್ತುವುದು ಮಾತ್ರ 14. ಸುತ್ತನ್ನು ಹಿಡಿದುಕೊಳ್ಳಲು ಮೇಲ್ಮೈ ಬೇಕು, ಇಲ್ಲಿ ಚೆಂಡಿಗೆ ತಗುಲುವುದು ಮೊಳಕೆಗಳ ತುದಿ ಅಷ್ಟೇ. ಚೆಂಡನ್ನು ಏರುವಾಗಲೇ ಚಪ್ಪಟೆಯಾಗಿ ಬಡಿಯುವವರಿಗೆ ಇದು ಆಯುಧ. ನನ್ನ ಆಟ ಅದಲ್ಲ.

ಲಾಂಗ್ ಪಿಂಪಲ್ಸ್ ಬಗ್ಗೆ ಬರೆಯದಿದ್ದರೆ ಸುಬೇದಾರರಿಗೆ ಅನ್ಯಾಯವಾಗುತ್ತದೆ. ಅವರ ಬ್ಯಾಕ್‌ಹ್ಯಾಂಡ್ ಅದೇ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮನಿಕಾ ಬಾತ್ರಾ ಬ್ಯಾಕ್‌ಹ್ಯಾಂಡ್‌ನ ಲಾಂಗ್ ಪಿಂಪಲ್ಸ್ ಇಟ್ಟುಕೊಂಡೇ ಮಹಿಳಾ ಸಿಂಗಲ್ಸ್ ಚಿನ್ನ ಗೆದ್ದ ಮೇಲೆ ನಮ್ಮ ಹಾಲ್‌ನಲ್ಲೂ ಅದಕ್ಕೆ ಮರ್ಯಾದೆ ಹೆಚ್ಚಿತು. ಉದ್ದನೆಯ ಮೊಳಕೆಗಳು ಬಾಗುವುದರಿಂದ ಅವು ಚೆಂಡಿನ ಸುತ್ತನ್ನು ನಿಲ್ಲಿಸುವುದಿಲ್ಲ. ಟಾಪ್‌ಸ್ಪಿನ್ ಹೊಡೆದವರಿಗೆ ಅದೇ ಸುತ್ತು ಕೆಳಸುತ್ತಾಗಿ ವಾಪಸ್ ಹೋಗುತ್ತದೆ. ದುರ್ಬಲ ಬ್ಯಾಕ್‌ಹ್ಯಾಂಡ್‌ಗೆ ಇದನ್ನು ಅಂಟಿಸಿದರೆ ಮುಗಿಯಿತು ಎಂದು ಹೇಳುವವರಿದ್ದಾರೆ. ನಾನು ಎರಡು ಸಂಜೆ ಆಡಿ ನೋಡಿ ಒಪ್ಪಲಿಲ್ಲ. ಮನಿಕಾ ಅವರಂತೆ ಬ್ಯಾಟ್ ತಿರುಗಿಸಿ ಎರಡೂ ಬದಿಯಿಂದ ಆಡುವುದು, ಯಾವ ಚೆಂಡನ್ನು ಯಾವ ಬದಿಯಿಂದ ತೆಗೆದುಕೊಳ್ಳಬೇಕೆಂದು ಕ್ಷಣದಲ್ಲಿ ನಿರ್ಧರಿಸುವುದು, ಇದು ಬೇರೆಯೇ ಒಂದು ವಿದ್ಯೆ. ಸುಬೇದಾರರು ಅದಕ್ಕೆ ಹದಿನೈದು ವರ್ಷ ಕೊಟ್ಟಿದ್ದಾರೆ. ನನಗೆ ಬ್ಯಾಕ್‌ಹ್ಯಾಂಡ್ ಬೇಕಿತ್ತು, ಅದರ ಬದಲಿಗೆ ಇನ್ನೊಂದಲ್ಲ.

ಕೊನೆಗೆ ಕಾಲೇಜು ಹುಡುಗನೊಬ್ಬನ ಬ್ಯಾಟಿನಲ್ಲಿದ್ದ ಎಕ್ಸಿಯಾಮ್ ವೇಗಾ ಯುರೋಪ್, 2.0 ಮಿ.ಮೀ. ಇದೇ ಸಾಲಿನ ವೇಗಾ ಪ್ರೊ ಸ್ಪಾಂಜ್ 47.5 ಡಿಗ್ರಿ, ಯುರೋಪ್ 42.5. ಬೆರಳಿನಿಂದ ಒತ್ತಿದರೇ ವ್ಯತ್ಯಾಸ ಗೊತ್ತಾಗುತ್ತದೆ. ಬ್ಲಾಕ್ 31, ಎತ್ತುವುದು 32! ನಿಧಾನವಾದ ಮಣಿಕಟ್ಟಿಗೂ ಚೆಂಡು ಒಳಗೆ ಇಳಿಯುತ್ತದೆ, ಇಳಿದದ್ದು ಕಮಾನಾಗಿ ಮೇಲೇಳುತ್ತದೆ, 15.25 ಸೆಂ.ಮೀ. ಎತ್ತರದ ನೆಟ್ ಮೇಲೆ ಒಂದು ಅಂಗೈ ಜಾಗ ಉಳಿಯುತ್ತದೆ. ಅದೇ ಕಮಾನಿನಿಂದಾಗಿ ಬ್ಲಾಕ್‌ಗಳು ಕೆಲವು ಉದ್ದವಾದವು. ಬ್ಯಾಟಿನ ಮುಖವನ್ನು ಇನ್ನಷ್ಟು ಕೆಳಮುಖ ಮಾಡಬೇಕಾಗುತ್ತದೆ.

ನಾನು ಅಂಕ ಕಳೆದುಕೊಳ್ಳುತ್ತಿದ್ದುದು ಹೆಚ್ಚಾಗಿ ಕೆಳಸುತ್ತಿನ ಚೆಂಡಿಗೆ. ಹಾಗಾಗಿ ಇದೇ ರಬ್ಬರ್, ಆದರೆ 1.8 ಮಿ.ಮೀ. ಎಂದು ತೀರ್ಮಾನಿಸಿದೆ. ಸ್ಪಾಂಜ್ ತೆಳ್ಳಗಾದರೆ ಚಿಮ್ಮುವಿಕೆ ತಗ್ಗಿ ಬ್ಲಾಕ್ ಸ್ವಲ್ಪ ಹಿಡಿತಕ್ಕೆ ಬರುತ್ತದೆ, ತೂಕವೂ ಇಳಿಯುತ್ತದೆ. ಇದರ ಬೆಲೆಯೂ ತಿಳಿದಿರಲಿ. ತೆಳು ಮೆದು ಸ್ಪಾಂಜ್‌ನಲ್ಲಿ ಪೂರ್ತಿ ಬಲದಿಂದ ಹೊಡೆದರೆ ಚೆಂಡು ಸ್ಪಾಂಜ್ ದಾಟಿ ಮರಕ್ಕೇ ತಾಗಿದಂತಾಗುತ್ತದೆ, ಅದರಾಚೆಗೆ ವೇಗ ಏರುವುದಿಲ್ಲ. ಬ್ಯಾಕ್‌ಹ್ಯಾಂಡ್‌ನಿಂದಲೇ ಪಾಯಿಂಟ್ ಮುಗಿಸುವವರು ಇದನ್ನು ಹಾಕಬಾರದು. ನಾನು ಮುಗಿಸುವುದು ಫೋರ್‌ಹ್ಯಾಂಡ್‌ನಲ್ಲಿ, ಬ್ಯಾಕ್‌ಹ್ಯಾಂಡ್ ಅಲ್ಲಿವರೆಗೆ ತಂದುಕೊಟ್ಟರೆ ಸಾಕು.

ಅಂಟುವ ಮೇಲ್ಮೈಯ ಚೀನೀ ರಬ್ಬರ್ ಏಕೆ ನೋಡಲಿಲ್ಲ ಎಂದು ಒಬ್ಬರು ಕೇಳಿದರು. ನನ್ನ ಫೋರ್‌ಹ್ಯಾಂಡ್‌ನಲ್ಲಿ ಅದೇ ಇದೆ. ಅದು ಉದ್ದನೆಯ ಬೀಸು ಕೇಳುತ್ತದೆ, ಬ್ಯಾಕ್‌ಹ್ಯಾಂಡ್‌ನಲ್ಲಿ ಅಷ್ಟು ಜಾಗ ನನಗಿಲ್ಲ.

ಜುಲೈ ಕೊನೆ, ಹಳೆಯದನ್ನು ಕಿತ್ತದ್ದು

ಹಳೆಯ ರಬ್ಬರನ್ನು ನಾನು ಅಂಟಿಸಿದ್ದು ಸೈಕಲ್ ಪಂಕ್ಚರ್ ಸಲ್ಯೂಷನ್‌ನಿಂದ. ಒಂದು ಕಾಲದಲ್ಲಿ ದೊಡ್ಡ ಆಟಗಾರರು ಮಾಡುತ್ತಿದ್ದುದೂ ಅದನ್ನೇ. ಆ ಸಲ್ಯೂಷನ್‌ನ ದ್ರಾವಕ ಸ್ಪಾಂಜ್‌ನೊಳಗೆ ಹೊಕ್ಕು ಅದನ್ನು ಉಬ್ಬಿಸಿ ಬಿಗಿಗೊಳಿಸುತ್ತದೆ, ರಬ್ಬರ್ ಚುರುಕಾಗುತ್ತದೆ. ಆ ಹೊಗೆ ಆರೋಗ್ಯಕ್ಕೆ ಕೆಟ್ಟದ್ದೆಂದು 2008ರಲ್ಲಿ ಅಂಥ ಅಂಟುಗಳನ್ನು ಅಂತರರಾಷ್ಟ್ರೀಯ ಆಟದಿಂದ ಹೊರಗಿಟ್ಟರು. ಆಮೇಲೆ ಬಂದ ರಬ್ಬರ್‌ಗಳಲ್ಲಿ ಆ ಬಿಗಿತವನ್ನು ಕಾರ್ಖಾನೆಯಲ್ಲೇ ತುಂಬಿರುತ್ತಾರೆ. ನಾನು ತಂದ ಹೊಸ ರಬ್ಬರೂ ಆ ಜಾತಿಯದೇ, ಅದಕ್ಕೆ ನೀರಿನ ಅಂಟು ಸಾಕು. ಮುಚ್ಚಿದ ಕೋಣೆಯಲ್ಲಿ ಸಲ್ಯೂಷನ್ ಹಚ್ಚುವುದನ್ನು ದಯವಿಟ್ಟು ಬಿಡಿ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

ಕೀಳುವಾಗ ತಪ್ಪು ಮಾಡಿದೆ. ಹಿಡಿಯ ಕಡೆಯಿಂದ ಮೂಲೆ ಎಬ್ಬಿಸಿ, ರಬ್ಬರನ್ನು ಹಿಂದಕ್ಕೆ ಮಡಚಿ ಮರಕ್ಕೆ ಸಮನಾಗಿ, ಮರದ ಎಳೆಯ ಉದ್ದಕ್ಕೆ ನಿಧಾನವಾಗಿ ಎಳೆಯಬೇಕು. ಅರ್ಧದವರೆಗೆ ಹಾಗೇ ಮಾಡಿದೆ. ಮಧ್ಯೆ ಬಿಗಿಯಾದಾಗ ಮೇಲಕ್ಕೆತ್ತಿ ಎಳೆದುಬಿಟ್ಟೆ. ಚರ್ರೆಂದು ಸದ್ದಾಯಿತು. ಬ್ಲೇಡಿನ, ಅಂದರೆ ಬ್ಯಾಟಿನ ಮರದ, ಮೇಲಿನ ಪದರದಿಂದ ಮೂರು ಸೆಂ.ಮೀ. ಉದ್ದದ ಸಿಬಿರು ಸ್ಪಾಂಜ್‌ಗೆ ಅಂಟಿಕೊಂಡೇ ಎದ್ದುಬಂತು. ಐದು ಪದರದ ಮರದ ಬ್ಲೇಡ್, ಎಂಟು ವರ್ಷದಿಂದ ಕೈಗೆ ಹೊಂದಿದ್ದು. ಹೊಟ್ಟೆಯಲ್ಲಿ ಏನೋ ಆಯಿತು.

ಸಿಬಿರನ್ನು ಎಸೆಯದಿದ್ದುದು ಒಳ್ಳೆಯದಾಯಿತು. ಸ್ಪಾಂಜ್‌ನಿಂದ ಕಟರಿನ ಅಲಗು ತೂರಿಸಿ ಬಿಡಿಸಿ, ಅದರ ಹಿಂಬದಿಯ ಅಂಟಿನ ಕಣಗಳನ್ನು ಬೆರಳಿನಿಂದ ಉಜ್ಜಿ ತೆಗೆದೆ. ಕುಳಿಯಲ್ಲಿ ಹಲ್ಲುಕಡ್ಡಿಯ ತುದಿಯಿಂದ ಫೆವಿಕಾಲ್ ತೆಳ್ಳಗೆ ಸವರಿ, ಸಿಬಿರನ್ನು ಅದರ ಜಾಗದಲ್ಲೇ ಕೂರಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಸಮತಟ್ಟಾದ ಹಲಗೆ, ಹಲಗೆಯ ಮೇಲೆ ಅಕ್ಕಿ ತುಂಬಿದ ಡಬ್ಬಿ ಇಟ್ಟೆ. ಪ್ಲಾಸ್ಟಿಕ್ ಹಾಕದಿದ್ದರೆ ಹೊರಬಂದ ಅಂಟಿಗೆ ಹಲಗೆಯೂ ಕಚ್ಚಿಕೊಳ್ಳುತ್ತದೆ. ಬೇಸಿಗೆಯಾದರೆ ಒಂದು ರಾತ್ರಿ ಸಾಕು, ಈ ಮಳೆಯಲ್ಲಿ ಎರಡು ದಿನ ಬಿಟ್ಟೆ. ಆಮೇಲೆ 400 ನಂಬರ್ ಮರಳುಕಾಗದವನ್ನು ಬೆಂಡಿನ ತುಂಡಿಗೆ ಸುತ್ತಿ ಎಳೆಯ ಉದ್ದಕ್ಕೆ ನಾಲ್ಕೇ ನಾಲ್ಕು ಸಲ ಉಜ್ಜಿದೆ. ಅಡ್ಡ ಉಜ್ಜಬೇಡಿ, ಮೇಲಿನ ಪದರ ಅರ್ಧ ಮಿಲಿಮೀಟರಿನ ಆಸುಪಾಸು ಇರುತ್ತದೆ, ಬೇಗ ತೂತಾಗುತ್ತದೆ. ಕೊನೆಗೆ ನೀರಿನ ವಾರ್ನಿಷ್ಷನ್ನು ಬಟ್ಟೆಯಲ್ಲಿ ಅದ್ದಿ ಬಹಳ ತೆಳ್ಳಗೆ ಒಂದು ಕೈ ಸವರಿದೆ. ಇದನ್ನು ಎಂಟು ವರ್ಷದ ಹಿಂದೆ ಮೊದಲ ದಿನವೇ ಮಾಡಿದ್ದರೆ ಸಿಬಿರು ಏಳುತ್ತಿರಲಿಲ್ಲ. ಹೊಸ ಮರದ ಬ್ಲೇಡ್ ತಂದವರು ರಬ್ಬರ್ ಅಂಟಿಸುವ ಮೊದಲು ಇದಕ್ಕೆ ಹತ್ತು ನಿಮಿಷ ಕೊಡಿ.

ಹಳೆಯ ರಬ್ಬರ್, ಅದರ ಅಂಟು ಸೇರಿ 53 ಗ್ರಾಂ. ಫೋರ್‌ಹ್ಯಾಂಡ್ ರಬ್ಬರ್ ಸಮೇತ ಉಳಿದ ಬ್ಯಾಟ್ 137.

ಅಂಟಿಸಿದ್ದು, ಬಿಟ್ಟದ್ದು

ನೀರಿನ ಅಂಟು ನೋಡಲು ಹಾಲಿನಂತಿರುತ್ತದೆ. ಬಾಟಲಿಯ ಮೇಲೆ ಬರೆದಿದ್ದ ಸಮಯ ಹದಿನೈದು ನಿಮಿಷ. ನಾನು ಸ್ಪಾಂಜ್ ಮೇಲೆ ಧಾರಾಳವಾಗಿ ಒಂದು ದಪ್ಪ ಪದರ, ಮರದ ಮೇಲೆ ಒಂದು ಪದರ ಹಚ್ಚಿ ಅರ್ಧ ಗಂಟೆ ಕಾದೆ. ಹೊರಗೆ ಧೋ ಎಂದು ಸುರಿಯುತ್ತಿತ್ತು. ಮೇಲ್ಮೈ ಪಾರದರ್ಶಕವಾದಂತೆ ಕಂಡಿತು, ಬೆರಳಿಗೂ ಅಂಟಲಿಲ್ಲ. ಕೂರಿಸಿ, ಒತ್ತಿ, ಕತ್ತರಿಸಿದೆ. ಮೂರನೇ ದಿನ ಆಟದ ಮಧ್ಯೆ ಚೆಂಡು ಒಂದೆಡೆ ಡಬ್ ಎಂದು ಸತ್ತ ಸದ್ದು ಮಾಡಿತು. ನೋಡಿದರೆ ಮಧ್ಯದಲ್ಲಿ ಗಾಳಿಗುಳ್ಳೆ, ಮೇಲ್ತುದಿಯಲ್ಲಿ ಅಂಚು ಬಾಯಿಬಿಟ್ಟಿತ್ತು.

ಕಕ್ಕಡ 18ರ ಮದ್ದುಸೊಪ್ಪಿನ ಪಾಯಸಕ್ಕೆ ಸಂಪಾಜೆಯಿಂದ ನನ್ನ ಹೆಂಡತಿಯ ತಮ್ಮ ಬಂದಿದ್ದ. ಆ ಕಡೆ ಅವರದು ರಬ್ಬರ್ ತೋಟ. ಮೇಜಿನ ಮೇಲಿದ್ದ ಬಾಟಲಿಯ ಮುಚ್ಚಳ ತೆಗೆದು ಮೂಸಿ, "ಇದು ನಮ್ಮ ರಬ್ಬರ್ ಹಾಲೇ ಅಲ್ವಾ ಭಾವ? ಅಮೋನಿಯಾ ಹಾಕಿದ್ದಾರೆ, ಹೆಪ್ಪುಗಟ್ಟದ ಹಾಗೆ" ಎಂದ. ನಿಜ. ಮರದಿಂದ ಇಳಿದ ಹಾಲು ಹೆಪ್ಪಾಗದಿರಲು ತೋಟದಲ್ಲಿ ಹಾಕುವ ಅದೇ ಅಮೋನಿಯಾದ ವಾಸನೆ. ನಾನು ಏನು ಮಾಡಿದೆ ಎಂದು ಹೇಳಿದ ಕೂಡಲೇ ಅವನಿಗೆ ಕಾರಣ ಹೊಳೆಯಿತು. ದಪ್ಪಗೆ ಸುರಿದ ಹಾಲು ಮೇಲೆ ಕೆನೆಗಟ್ಟುತ್ತದೆ, ಆ ಕೆನೆ ಒಳಗಿನ ನೀರನ್ನು ಹೊರಗೆ ಬಿಡುವುದಿಲ್ಲ. ಮಳೆಗಾಲದ ಗಾಳಿಗೆ ನೀರು ಹೀರುವ ಶಕ್ತಿಯೂ ಇರುವುದಿಲ್ಲ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ. "ತೆಳ್ಳಗೆ ಎರಡು ಸಲ ಹಚ್ಚಿ ಭಾವ. ಹೊಗೆಮನೆಯಲ್ಲಿ ಶೀಟು ಒಣಗಿಸುವಾಗಲೂ ಮಧ್ಯದ ಬಿಳಿ ಹೋಗಿದೆಯಾ ಅಂತ ಬೆಳಕಿಗೆ ಹಿಡಿದೇ ನಾವು ನೋಡೋದು."

ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು ಎರಡನೇ ಸಲ ಮಾಡಿದೆ. ನೀರಿನ ಅಂಟಿನ ಒಂದು ಉಪಕಾರವೆಂದರೆ ಕೀಳುವುದು ಸುಲಭ. ರಬ್ಬರ್ ನಾಜೂಕಾಗಿ ಬಿಡಿಸಿಕೊಂಡಿತು, ವಾರ್ನಿಷ್ ಕಾಪಾಡಿದ್ದರಿಂದ ಮರಕ್ಕೆ ಏನೂ ಆಗಲಿಲ್ಲ. ಅಂಟಿನ ಪೊರೆಯನ್ನು ಹೆಬ್ಬೆರಳಿನಿಂದ ಉರುಳಿಸಿದರೆ ಹಾವಿನ ಪೊರೆಯಂತೆ ಸುತ್ತಿಕೊಂಡು ಬಂತು. ಸ್ಪಾಂಜ್ ಕಡೆ ಜೋರಾಗಿ ಉಜ್ಜಬಾರದು, ಸ್ಪಾಂಜ್ ಹರಿಯುತ್ತದೆ.

ಈ ಸಲ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಒಂದು ಗಂಟೆ ಮೊದಲೇ ಗಾಳಿಯನ್ನು ಬೆಚ್ಚಗೆ ಮಾಡಿಕೊಂಡೆವು. ರಬ್ಬರನ್ನು ಕೆಂಡದ ಹತ್ತಿರ ಒಯ್ಯಲಿಲ್ಲ, ದೂರದ ಮೇಜಿನ ಮೇಲಿಟ್ಟು ಟೇಬಲ್ ಫ್ಯಾನ್ ಅಡ್ಡಕ್ಕೆ ತಿರುಗಿಸಿದೆವು. ಸ್ಪಾಂಜ್‌ನ ಸಣ್ಣ ಚೂರಿನಿಂದ ಅಂಟನ್ನು ಒಂದೇ ದಿಕ್ಕಿಗೆ, ಹಿಂದೆ ಮುಂದೆ ತಿಕ್ಕದೆ ಸವರಿದೆ. ಒಣಗುತ್ತಿರುವ ಅಂಟನ್ನು ಮತ್ತೆ ತಿಕ್ಕಿದರೆ ಉಂಡೆ ಕಟ್ಟುತ್ತದೆ, ಆ ಉಂಡೆ ರಬ್ಬರ್ ಅಡಿಯಲ್ಲಿ ಗುಬುಟಾಗಿ ಉಳಿಯುತ್ತದೆ. ಸ್ಪಾಂಜ್ ನೀರು ಕುಡಿದು ಇಡೀ ಹಾಳೆ ಬಿಲ್ಲಿನಂತೆ ಬಾಗಿತು. ಹೆದರಬೇಕಿಲ್ಲ, ಒಣಗುತ್ತ ಬಂದಂತೆ ಚಪ್ಪಟೆಯಾಗುತ್ತದೆ. ಮಳೆಗಾಲದಲ್ಲಿ ಇದೇ ಒಳ್ಳೆಯ ಗುರುತು. ಹಾಳೆ ಇನ್ನೂ ಬಾಗಿದ್ದರೆ ಒಳಗೆ ನೀರಿದೆ ಎಂದರ್ಥ. ಮೊದಲ ಪದರಕ್ಕೆ 50 ನಿಮಿಷ, ಎರಡನೆಯದಕ್ಕೆ ಒಂದೂಕಾಲು ಗಂಟೆ ಹಿಡಿಯಿತು. ಮರದ ಮೇಲೆ ಒಂದೇ ಪದರ. ಟಾರ್ಚ್ ಅಡ್ಡಲಾಗಿ ಹಿಡಿದು ಎಲ್ಲೂ ಬಿಳಿ ಇಲ್ಲವೆಂದು ನೋಡಿಕೊಂಡ ಮೇಲೆಯೇ ಕೈ ಹಾಕಿದ್ದು.

ಕೂರಿಸುವಾಗ ಹಿಡಿಯ ಕಡೆಯ ನೇರ ಅಂಚನ್ನು ಮೊದಲು ಹೊಂದಿಸಿ, ಪ್ಯಾಕೆಟ್ಟಿನ ಪಾರದರ್ಶಕ ಹಾಳೆಯನ್ನು ಮೇಲಿಟ್ಟು ಲಟ್ಟಣಿಗೆಯನ್ನು ಅದರದೇ ಭಾರದಲ್ಲಿ ಉರುಳಿಸುತ್ತ ಮೇಲಕ್ಕೆ ಹೋದೆ. ಒತ್ತಿ ಲಟ್ಟಿಸಿದರೆ ರಬ್ಬರ್ ಹಿಗ್ಗಿಕೊಂಡೇ ಅಂಟುತ್ತದೆ, ಆಮೇಲೆ ಕುಗ್ಗಿ ಅಂಚು ಒಳಸರಿಯುತ್ತದೆ. ಅಂತರರಾಷ್ಟ್ರೀಯ ಫೆಡರೇಶನ್‌ನ ಗುರುತು ಇರುವ ಪಟ್ಟಿ ಹಿಡಿಯ ಹತ್ತಿರ ಕಾಣುವಂತಿರಬೇಕು, ಪಂದ್ಯದಲ್ಲಿ ಅಂಪೈರ್ ನೋಡುವುದು ಅದನ್ನೇ. ಒಂದು ಬದಿ ಕಪ್ಪು ಇರಲೇಬೇಕು. ಇನ್ನೊಂದು ಬದಿಗೆ 2021ರಿಂದ ಗುಲಾಬಿ, ನೇರಳೆ, ಹಸಿರು, ನೀಲಿಗೂ ಅವಕಾಶವಿದೆ, ನಾನು ಕೆಂಪಿಗೇ ನಿಂತೆ.

ಕತ್ತರಿಸಲು ಕತ್ತರಿಗಿಂತ ಹೊಸ ಅಲಗು ಹಾಕಿದ ಕಟರ್ ಮೇಲು. ರಬ್ಬರ್ ಕೆಳಗೆ, ಮರ ಮೇಲೆ ಬರುವಂತೆ ಹಲಗೆಯ ಮೇಲಿಟ್ಟು, ಅಲಗನ್ನು ಮರದ ಅಂಚಿಗೆ ನೆಟ್ಟಗೆ ಆನಿಸಿ, ಕಟರ್ ಹಿಡಿದ ಕೈ ಸ್ಥಿರವಾಗಿಟ್ಟು ಬ್ಯಾಟನ್ನೇ ತಿರುಗಿಸುತ್ತ ಬರಬೇಕು. ಮೊದಲ ಸುತ್ತು ಸ್ಪಾಂಜ್‌ಗೆ, ಎರಡನೆಯದು ಮೇಲಿನ ಹಾಳೆಗೆ. ಒಂದೇ ಸಲಕ್ಕೆ ಬಲ ಹಾಕಿದರೆ ಅಂಚು ಹಲ್ಲುಹಲ್ಲಾಗುತ್ತದೆ. ನಾನಂತೂ ಈ ರಬ್ಬರನ್ನು ಮೊದಲ ಸಲವೇ ಕತ್ತರಿಸಿಯಾಗಿತ್ತು. ಎರಡನೇ ಸಲ ಅದೇ ಆಕಾರಕ್ಕೆ ಕೂರಿಸುವಾಗ ಎಡಬದಿಯಲ್ಲಿ ಒಂದು ಮಿಲಿಮೀಟರ್ ಮರ ಕಾಣುವಂತಾಯಿತು. ಸುತ್ತ ಅಂಚಿನ ಟೇಪ್ ಹಾಕಿ ಮುಚ್ಚಿದೆ.

ಕತ್ತರಿಸಿದ ರಬ್ಬರ್ 41 ಗ್ರಾಂ, ಅಂಟು ಮತ್ತು ಟೇಪ್ 2. ಒಟ್ಟು ಬ್ಯಾಟ್ 180. ಹತ್ತು ಗ್ರಾಂ ಏನು ಮಹಾ ಎನ್ನಿಸಬಹುದು. ಇಳಿದದ್ದೆಲ್ಲ ಮೇಲ್ತುದಿಯ ತೂಕವಾದ್ದರಿಂದ ಮಣಿಕಟ್ಟಿಗೆ ಅದು ಮೊದಲ ಹೊಡೆತದಲ್ಲೇ ಗೊತ್ತಾಯಿತು.

ಆಗಸ್ಟ್

ಮೊದಲ ದಿನ ಬ್ಲಾಕ್ 29, ಎತ್ತುವುದು 27. ಎರವಲು ಬ್ಯಾಟಿಗಿಂತ ಕಡಿಮೆ. ಮನಸ್ಸು ಕುಗ್ಗಿತು, ಆದರೆ ತಪ್ಪುಗಳ ಪಟ್ಟಿ ನೋಡಿದಾಗ ಸಮಾಧಾನವಾಯಿತು. ನೆಟ್‌ಗೆ ಹೋಗುತ್ತಿದ್ದ ಚೆಂಡು ಮೊದಲಿನ ಅರ್ಧಕ್ಕಿಂತ ಕಡಿಮೆಯಾಗಿತ್ತು, ಉಳಿದವು ಟೇಬಲ್‌ನಿಂದ ಒಂದೆರಡು ಗೇಣು ಆಚೆ. ಅದನ್ನು ಬ್ಯಾಟಿನ ಕೋನದಿಂದಲೇ ಸರಿಪಡಿಸಬಹುದು. ಮೂರು ವಾರ, ದಿನಕ್ಕೆ ಒಂದು ಬಕೆಟ್ ಚೆಂಡು ಎಂಬ ಲೆಕ್ಕದಲ್ಲಿ ಸುಬೇದಾರರು ಬೇಸರವಿಲ್ಲದೆ ಎಸೆದುಕೊಟ್ಟರು. ಬ್ಯಾಟನ್ನು ಕೆಳಮುಖ ಮಾಡಿ ಹೊಟ್ಟೆಯ ಮುಂದಿನಿಂದ ಎತ್ತುವುದು ರೂಢಿಯಾದ ಮೇಲೆ ಬ್ಲಾಕ್ 36, ಎತ್ತುವುದು 33.

ಹೊಸ ರಬ್ಬರ್ ಒಂದು ಹೊಸ ತೊಂದರೆಯನ್ನೂ ತಂದಿದೆ, ಮುಚ್ಚಿಡುವುದಿಲ್ಲ. ಇದು ಸುತ್ತು ಹಿಡಿಯುವ ರಬ್ಬರ್, ಹಾಗಾಗಿ ಎದುರಿನವರ ಸುತ್ತನ್ನೂ ಹಿಡಿಯುತ್ತದೆ. ಪಕ್ಕಸುತ್ತಿನ ಸರ್ವಿಸ್‌ಗೆ ಸುಮ್ಮನೆ ಬ್ಯಾಟ್ ಒಡ್ಡಿದರೆ ಮಾರ್ಕ್ ಫೈವ್‌ಗಿಂತ ಹೆಚ್ಚು ದೂರ ಅಡ್ಡ ಹೋಗುತ್ತದೆ. ಸರ್ವಿಸ್ ಓದುವುದು ನಿಮ್ಮ ಮುಖ್ಯ ತೊಂದರೆಯಾಗಿದ್ದರೆ ಮಾರ್ಕ್ ಫೈವ್ ಥರದ ಹಳೆಯ ರಬ್ಬರ್ ತೆಗೆದುಕೊಳ್ಳಿ, ಬೆಲೆಯೂ ಕಡಿಮೆ, ಬಾಳಿಕೆಯೂ ಹೆಚ್ಚು.

ತೇವದ ಕತೆ ಬೇರೆಯೇ. ನಮ್ಮ ಮಳೆಗಾಲದಲ್ಲಿ ಹಾಲ್‌ನ ಗಾಜಿನ ಮೇಲೆ ಕೂರುವ ಮಂಜು ರಬ್ಬರಿನ ಮೇಲೂ ಕೂರುತ್ತದೆ. ಆ ತೆಳು ನೀರಿನ ಪದರ ಬಂದ ಮೇಲೆ ಎಷ್ಟು ದುಬಾರಿ ರಬ್ಬರಾದರೂ ಚೆಂಡು ಜಾರುತ್ತದೆ. ಆಗಸ್ಟ್‌ನ ಒಂದು ಸಂಜೆ ಎತ್ತುವ ಪರೀಕ್ಷೆಯಲ್ಲಿ 20 ಬಂದಾಗ ರಬ್ಬರ್ ಕೆಟ್ಟಿತೆಂದೇ ತಿಳಿದಿದ್ದೆ. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಹತ್ತು ನಿಮಿಷ ಬಲ್ಬಿನ ಹತ್ತಿರ ಇಟ್ಟು ಆಡಿದರೆ ಮತ್ತೆ ಮೂವತ್ತರ ಮೇಲೆ. ಈಗ ಐದೈದು ಅಂಕಕ್ಕೊಮ್ಮೆ ಒರೆಸುವ ಬಟ್ಟೆ ಜೇಬಿನಲ್ಲಿರುತ್ತದೆ. ಮರವೂ ತೇವ ಕುಡಿಯುತ್ತದೆ. ಬ್ಯಾಟ್ ಒಂದು ವಾರ ಹೊರಗೆ ಬಿದ್ದಿದ್ದಾಗ ತಕ್ಕಡಿ 182 ತೋರಿಸಿತು. ಕಾಫಿ ಬೀಜ ತೇವ ಹೀರದಂತೆ ಮೂಟೆಯನ್ನು ನೆಲದಿಂದ ಎತ್ತಿ, ಗೋಡೆಗೆ ತಾಗಿಸದೆ ಇಡುವವರು ನಾವು, ಬ್ಯಾಟಿಗೆ ಅಷ್ಟೂ ಮಾಡದಿದ್ದರೆ ಹೇಗೆ? ಬಿಗಿ ಮುಚ್ಚಳದ ಡಬ್ಬಿ, ಒಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ, ರಬ್ಬರಿನ ಮೇಲೆ ಪಾರದರ್ಶಕ ಹಾಳೆ. ಈಗ ತೂಕ 180ಕ್ಕೆ ವಾಪಸ್.

ಕೈಲ್‌ಪೊಳ್ದ್ ಹಬ್ಬ ಮುಗಿದ ವಾರ ಮತ್ತೆ ನೋಡಿದೆ. ಮರ ಕಾಣುತ್ತಿದ್ದ ಆ ಎಡ ಅಂಚಿನಲ್ಲಿ ರಬ್ಬರ್ ನಾಲ್ಕು ಮಿಲಿಮೀಟರ್‌ನಷ್ಟು ಮೇಲೆದ್ದಿದೆ. ಟೇಪ್ ತೆಗೆದು, ಹಲ್ಲುಕಡ್ಡಿಯಲ್ಲಿ ಒಂದು ಹನಿ ಅಂಟು ತೂರಿಸಿ, ಬಟ್ಟೆ ಒಣಗಿಸುವ ಕ್ಲಿಪ್ಪಿಗೆ ರಟ್ಟಿನ ಚೂರು ಕೊಟ್ಟು ಒತ್ತಿಟ್ಟಿದ್ದೇನೆ. ಸುಬೇದಾರರು ತಮ್ಮ ಲಾಂಗ್ ಪಿಂಪಲ್ಸ್‌ನ ಎರಡು ಮೊಳಕೆ ಮುರಿದಿವೆ, ಹೊಸದನ್ನು ನೀನೇ ಅಂಟಿಸಿಕೊಡು ಎಂದು ಪ್ಯಾಕೆಟ್ ತಂದುಕೊಟ್ಟಿದ್ದಾರೆ. ಮಳೆ ಪೂರ್ತಿ ಬಿಟ್ಟು ಕಣದಲ್ಲಿ ಬಿಸಿಲು ಬೀಳುವವರೆಗೆ ಅದನ್ನು ತೆರೆಯುವುದಿಲ್ಲ ಎಂದು ಹೇಳಿ ಡಬ್ಬಿಯಲ್ಲಿಟ್ಟಿದ್ದೇನೆ.